ಹಳೆಯ ಹಿಂಡಿಗೆ ಹೊಸ ಮರಿಗಳು

ಹುಟ್ಟಿದ ದಿನವೇ ರಟ್ಟಿನ ಪೆಟ್ಟಿಗೆಯಲ್ಲಿ ಕುಳಿತು ಊರಿಂದೂರಿಗೆ ಪ್ರಯಾಣ ಮಾಡುವ ಯೋಗ ಕೋಳಿಮರಿಗಲ್ಲದೆ ಬೇರೆ ಜೀವಿಗಳಿಗೆ ಇರುವುದು ಅಪೂರ್ವ. ಮೊಟ್ಟೆಯೊಡೆದು ಹೊರಬರುವುದಕ್ಕೆ ತುಸು ಮುಂಚೆ ಮರಿಯು ಉಳಿದಿರುವ ಹಳದಿ ಭಾಗವನ್ನೆಲ್ಲ ತನ್ನ ಹೊಟ್ಟೆಯೊಳಕ್ಕೆ ಸೆಳೆದುಕೊಳ್ಳುತ್ತದೆ. ಆ ಬುತ್ತಿ ಎರಡು ಮೂರು ದಿನಗಳ ಮಟ್ಟಿಗೆ ಸಾಕಾಗುತ್ತದೆ. ಪ್ರಕೃತಿ ಈ ಬುತ್ತಿಯನ್ನು ಕಟ್ಟಿಕೊಟ್ಟದ್ದು ಪ್ರಯಾಣಕ್ಕಾಗಿ ಅಲ್ಲ. ಒಂದೇ ಕಾವಿನ ಮೊಟ್ಟೆಗಳು ಹಿಂದುಮುಂದಾಗಿ ಒಡೆಯುವಾಗ, ಮೊದಲು ಬಂದ ಮರಿ ಕೊನೆಯದು ಬರುವ ತನಕ ತಾಯಿಯ ರೆಕ್ಕೆಯ ಕೆಳಗೆ ಹಸಿವಿಲ್ಲದೆ ಕಾದಿರಲೆಂದು. ಜಾಣನಾದ ಮನುಷ್ಯನು ಇದನ್ನು ಕಂಡುಕೊಂಡು ಅದರ ಮೇಲೆ ಒಂದು ವ್ಯಾಪಾರವನ್ನೇ ಕಟ್ಟಿದ್ದಾನೆ. ಹೀಗಾಗಿ ಬೆಂಗಳೂರಿನ ಕಡೆ ಯಂತ್ರದ ಕಾವಿನಲ್ಲಿ ಬೆಳಿಗ್ಗೆ ಕಣ್ಣು ಬಿಟ್ಟ ಮರಿ, ಸಂಜೆಯ ಹೊತ್ತಿಗೆ ಮಧುಗಿರಿಯ ಬೆಟ್ಟವನ್ನು ದಾಟಿ ಕೊಡಿಗೇನಹಳ್ಳಿಯ ಯಾವುದಾದರೊಂದು ಹಿತ್ತಿಲನ್ನು ಸೇರಬಹುದು.

ಕೊಡಿಗೇನಹಳ್ಳಿ ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರ. ಆಂಧ್ರಪ್ರದೇಶದ ಹಿಂದೂಪುರ ಅಲ್ಲಿಗೆ ದೂರವಲ್ಲ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿ ನದಿ ಈ ಸೀಮೆಯಲ್ಲಿಯೇ ಹರಿಯುತ್ತದೆ. ಹರಿಯುತ್ತದೆಂಬುದು ಒಳ್ಳೆಯ ಮಳೆಯಾದ ವರ್ಷದ ಮಾತೆಂದು ತಿಳಿಯಬೇಕು. ಕೆಮ್ಮಣ್ಣಿನ ಹೊಲ, ರಾಗಿ, ಕಡಲೆಕಾಯಿ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ಕನ್ನಡದೊಡನೆ ತೆಲುಗು. ಮುಗಿಲನ್ನು ನೆಚ್ಚಿದ ಇಂತಹ ಬೇಸಾಯದ ಮನೆಗಳಲ್ಲಿ ಹಿತ್ತಿಲಿನ ಆರೆಂಟು ಕೋಳಿಗಳು ಬರಿಯ ಶೋಭೆಯ ವಸ್ತುಗಳಲ್ಲ. ಬೆಳೆಯ ಹಣ ಯಜಮಾನನ ಕೈ ಸೇರಿದರೆ, ಮೊಟ್ಟೆಯ ಕಾಸು ಮನೆಯೊಡತಿಯದು. ಮಗುವಿನ ಪುಸ್ತಕ, ಹಬ್ಬದ ಬಳೆ, ತವರಿಗೆ ಹೋಗುವ ಬಸ್ಸಿನ ಖರ್ಚು, ಎಷ್ಟೋ ವೇಳೆ ಆ ಕಾಸಿನಿಂದಲೇ ನಡೆಯುತ್ತವೆ. ಹತ್ತು ಮರಿ ತಂದು ಏಳು ಸತ್ತರೆ ಯಾರ ಗಂಟು ಕರಗಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹಿಂದೆ ಇಲ್ಲಿ ಹೊಸ ಮರಿಗಳನ್ನು ಹಳೆಯ ಹಿಂಡಿಗೆ ಸೇರಿಸುವುದು ಹೇಗೆಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ನಾಟಿ ಹೇಂಟೆ ಇಪ್ಪತ್ತೊಂದು ದಿನ ಕಾವಿಗೆ ಕುಳಿತು, ಮರಿ ಮಾಡಿ, ಅವನ್ನು ಹಿಂದಿಟ್ಟುಕೊಂಡು ಅಂಗಳಕ್ಕೆ ಇಳಿಯುತ್ತಿತ್ತು. ಆ ವೇಳೆಯಲ್ಲಿ ಅದರ ಗತ್ತನ್ನು ನೋಡಬೇಕು. ಕತ್ತಿನ ಗರಿಗಳನ್ನೆಲ್ಲ ನಿಮಿರಿಸಿ, ರೆಕ್ಕೆಗಳನ್ನು ನೆಲಕ್ಕೆ ಸೋಕಿಸಿ ಬರುವ ಆ ಮಾತೃಮೂರ್ತಿಯ ಮುಂದೆ ನಾಯಿಯೂ ಒಂದು ಹೆಜ್ಜೆ ಹಿಂದೆಗೆಯುತ್ತದೆ. ಮರಿಯ ಮೇಲೆ ಕೊಕ್ಕೆತ್ತಿದ ಹೇಂಟೆಗೆ ಅಲ್ಲಿಯೇ ಶಾಸ್ತಿ. ಹೀಗೆ ಆರೆಂಟು ವಾರ ತಾಯಿಯ ಬೆಂಗಾವಲಿನಲ್ಲಿ ತಿರುಗಾಡುವಷ್ಟರಲ್ಲಿ ಮರಿಗಳ ಮುಖ ಹಿಂಡಿಗೆಲ್ಲ ಪರಿಚಿತವಾಗಿರುತ್ತದೆ; ಯಾರ ತಟ್ಟೆಯ ಹತ್ತಿರ ಹೋಗಬಾರದು, ಯಾರು ಬಂದರೆ ಬದಿಗೆ ಸರಿಯಬೇಕು ಎಂಬ ವ್ಯವಹಾರಜ್ಞಾನ ಮರಿಗಳಿಗೂ ಬಂದಿರುತ್ತದೆ. ಆಮೇಲೊಂದು ದಿನ ತಾಯಿಯೇ ಅವನ್ನು ಕುಕ್ಕಿ ದೂರ ಮಾಡಿ ಮತ್ತೆ ಮೊಟ್ಟೆಯಿಡಲು ಹೊರಡುತ್ತದೆ. ಕೋಳಿ ತುಳಿದರೆ ಮರಿ ಸಾಯುತ್ತದೆಯೇ ಎಂಬ ಗಾದೆ ಕನ್ನಡದಲ್ಲಿಯೂ ಉಂಟು, ತೆಲುಗಿನಲ್ಲಿಯೂ ಉಂಟು. ಆದರೆ ಗಾದೆ ಹೇಳುವುದು ತಾಯಿಯ ಕಾಲನ್ನು ಕುರಿತು. ನೆರೆಯ ಹೇಂಟೆಯ ಕೊಕ್ಕಿನ ವಿಷಯವಾಗಿ ಗಾದೆ ಮಾಡಿದವರು ಮೌನವಾಗಿದ್ದಾರೆ.

ಈಗ ಬರುವ ಮರಿಗಳಿಗೆ ತಾಯಿಯಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಹಳ್ಳಿಯ ಹಿತ್ತಿಲಿಗೆಂದೇ ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜ ತಳಿ ಇಂದು ಮನೆಮಾತಾಗಿದೆ. ನಾಟಿ ಹೇಂಟೆ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಕೊಟ್ಟರೆ ಹೆಚ್ಚು. ಗಿರಿರಾಜ ನೂರಮೂವತ್ತರಿಂದ ನೂರೈವತ್ತರವರೆಗೆ ಕೊಡುತ್ತದೆಂದು ಲೆಕ್ಕ. ಅದರ ತರುವಾಯ ಬಂದ ಸ್ವರ್ಣಧಾರದ ಸಂಖ್ಯೆ ಇನ್ನೂ ಮೇಲು. ಆದರೆ ಮೊಟ್ಟೆಯ ಸಂಖ್ಯೆ ಏರಿದಂತೆಲ್ಲ ಕಾವಿಗೆ ಕೂರುವ ಬುದ್ಧಿ ಇಳಿಯುತ್ತದೆ. ಇದು ತಳಿಗಾರರು ಬೇಕೆಂದೇ ತೆತ್ತ ಬೆಲೆ. ಕಾವಿಗೆ ಕುಳಿತ ಹೇಂಟೆ ಮೊಟ್ಟೆಯಿಡುವುದಿಲ್ಲವಷ್ಟೆ. ಆದ್ದರಿಂದ ಇಂತಹ ತಳಿಗಳ ಮರಿಗಳು ಯಂತ್ರದಲ್ಲಿ ಹುಟ್ಟಿ, ದೀಪದ ಕಾವಿನಲ್ಲಿ ಬೆಳೆದು, ಒಂದು ದಿನ ಪೆಟ್ಟಿಗೆಯಿಂದ ನೇರವಾಗಿ ಅಪರಿಚಿತರ ನಡುವೆ ಬೀಳುತ್ತವೆ. ರಾಜ್ಯದ ಪಶುಪಾಲನಾ ಇಲಾಖೆ ಗ್ರಾಮೀಣ ಮಹಿಳೆಯರಿಗೆ ಐದು ವಾರದ ಮರಿಗಳನ್ನು ಹಂಚುವ ಕಾರ್ಯಕ್ರಮವನ್ನೂ ನಡೆಸಿದೆ. ಕಾರ್ಯಕ್ರಮವೇನೋ ಒಳ್ಳೆಯದೇ. ಆದರೆ ಐದು ವಾರವೆಂಬುದು ಬಲು ಮೋಸದ ವಯಸ್ಸು. ಮೈತುಂಬ ಗರಿ ಬಂದು, ದೀಪದ ಕಾವಿನ ಅಗತ್ಯ ಮುಗಿದು, ಮರಿ ನೋಡುವುದಕ್ಕೆ ಸ್ವತಂತ್ರವಾದಂತೆ ತೋರುತ್ತದೆ. ಹಳೆಯ ಹೇಂಟೆಯ ಒಂದು ಹೊಡೆತವನ್ನು ತಾಳುವ ಶಕ್ತಿ ಮಾತ್ರ ಅದಕ್ಕಿನ್ನೂ ಬಂದಿರುವುದಿಲ್ಲ.

ಮುಂದೆ ನಡೆಯುವುದು ಎಲ್ಲ ಕಡೆಯೂ ಒಂದೇ. ಸಂಜೆ ಮರಿಗಳನ್ನು ತಂದು, ಹೇಗೂ ಒಂದೇ ಜಾತಿಯ ಪಕ್ಷಿಗಳಲ್ಲವೇ ಎಂದು ಹಿಂಡಿನ ನಡುವೆ ಬಿಡುತ್ತಾರೆ. ಮರುದಿನ ಬೆಳಿಗ್ಗೆ ಗೂಡಿನ ಮೂಲೆಯಲ್ಲಿ ಎರಡು ಮರಿ ನೆತ್ತಿ ಒಡೆದು ಬಿದ್ದಿರುತ್ತವೆ, ಉಳಿದವು ಒಂದರ ಮೇಲೊಂದು ಒತ್ತಿ ನಡುಗುತ್ತಿರುತ್ತವೆ. “ಅಯ್ಯೋ ಅತ್ತೆ, ನಮ್ಮ ಕೋಳಿಗಳೇ ಹಿಂಗೆ ಮಾಡವಲ್ಲಾ!” ಎಂದು ಸೊಸೆ ಹಲುಬಿದರೆ, “ನಿನಗೆ ಎರಡೂ ನಮ್ಮವೇ ಕಣಮ್ಮ, ಅವಕ್ಕೆ ಇವು ಯಾರೋ ಏನೋ” ಎಂದು ಅನುಭವಸ್ಥೆಯಾದ ಅತ್ತೆ ಉತ್ತರ ಕೊಟ್ಟಾಳು. ವಿದ್ವಾಂಸರು ಹಲವು ವರ್ಷ ಪರಿಶ್ರಮಪಟ್ಟು ಕಂಡುಕೊಂಡ ವಿಷಯದ ಸಾರವೆಲ್ಲ ಆ ಒಂದು ಮಾತಿನಲ್ಲಿದೆ.

ಆ ವಿದ್ವಾಂಸರಲ್ಲಿ ಮೊದಲಿಗನು ನಾರ್ವೆ ದೇಶದ ಥೋರ್ಲೈಫ್ ಷೆಲ್ಡೆರುಪ್ ಎಬ್ಬೆ. 1894ರಲ್ಲಿ ಹುಟ್ಟಿದ ಈತ ಬಾಲ್ಯದಿಂದಲೇ ಕೋಳಿಗಳ ಹತ್ತಿರ ಕುಳಿತು, ಯಾವುದು ಯಾವುದನ್ನು ಕುಕ್ಕುತ್ತದೆಂದು ಬರೆದಿಡುತ್ತಿದ್ದನು. ಇತರ ಹುಡುಗರು ಅಂಚೆಚೀಟಿ ಕೂಡಿಡುವಂತೆ ಈತ ಕುಕ್ಕುಗಳನ್ನು ಕೂಡಿಟ್ಟನೆನ್ನಬೇಕು. 1922ರಲ್ಲಿ ಜರ್ಮನ್ ಭಾಷೆಯ ಮನಶ್ಶಾಸ್ತ್ರ ಪತ್ರಿಕೆಯೊಂದರಲ್ಲಿ ಅವನ ಪ್ರಬಂಧ ಅಚ್ಚಾಯಿತು. ಹಿಂಡಿನಲ್ಲಿ ನಡೆಯುವ ಕುಕ್ಕಾಟ ಅಂದಾದುಂದಿಯಲ್ಲ, ಅಲ್ಲೊಂದು ಶ್ರೇಣಿಯಿದೆ. ಮೊದಲನೆಯ ಹೇಂಟೆ ಎಲ್ಲರನ್ನೂ ಕುಕ್ಕಬಹುದು, ಅದನ್ನು ಯಾರೂ ಕುಕ್ಕುವಂತಿಲ್ಲ. ಎರಡನೆಯದು ಮೊದಲನೆಯದೊಂದನ್ನು ಬಿಟ್ಟು ಮಿಕ್ಕವನ್ನೆಲ್ಲ ಕುಕ್ಕಬಹುದು. ಹೀಗೆ ಇಳಿಯುತ್ತ ಹೋಗಿ, ಕಡೆಯದನ್ನು ಎಲ್ಲರೂ ಕುಕ್ಕಬಹುದು, ಅದು ಯಾರನ್ನೂ ಕುಕ್ಕುವಂತಿಲ್ಲ. ನಡುವೆ ಅಲ್ಲಲ್ಲಿ, ಒಂದು ಎರಡನ್ನು, ಎರಡು ಮೂರನ್ನು, ಮೂರು ಮತ್ತೆ ಒಂದನ್ನು ಕುಕ್ಕುವ ವಿಚಿತ್ರ ತ್ರಿಕೋಣಗಳೂ ಇರುತ್ತವೆ. ಕಚೇರಿಗಳಲ್ಲಿ ಕೆಲಸ ಮಾಡುವ ವಾಚಕರಿಗೆ ಇದನ್ನು ಹೆಚ್ಚು ವಿವರಿಸುವ ಅಗತ್ಯವಿಲ್ಲ.

ಈ ಏರ್ಪಾಡು ಕ್ರೂರವೆಂದು ಮೇಲ್ನೋಟಕ್ಕೆ ತೋರಬಹುದು. ನಿಜವಾಗಿ ಜಗಳವನ್ನು ಕಡಿಮೆ ಮಾಡುವುದೇ ಇದರ ಕೆಲಸ. ಸ್ಥಾನ ಒಮ್ಮೆ ಗೊತ್ತಾಯಿತೆಂದರೆ ಹೊಡೆದಾಟ ನಿಲ್ಲುತ್ತದೆ. ಮೇಲಿನದು ತಲೆಯೆತ್ತಿ ನೋಡಿದರೆ ಸಾಕು, ಕೆಳಗಿನದು ದಾರಿ ಬಿಡುತ್ತದೆ. ಆದರೆ ಇದು ನಡೆಯಬೇಕಾದರೆ ಒಂದನ್ನೊಂದು ಮುಖಪರಿಚಯದಿಂದ ಅರಿತಿರಬೇಕು. ಕೋಳಿ ತನ್ನವರನ್ನು ಮುಖ್ಯವಾಗಿ ತಲೆಯಿಂದ, ಅದರಲ್ಲಿಯೂ ಜುಟ್ಟಿನಿಂದ ಗುರುತಿಸುತ್ತದೆ. 1953ರಲ್ಲಿ ಅಮೆರಿಕದ ಕಾನ್ಸಾಸ್‌ನಲ್ಲಿ ಗೂಲ್ ಮತ್ತು ಆರ್ಟ್‌ಮನ್ ಎಂಬವರು ಕೋಳಿಗಳ ವೇಷ ಬದಲಾಯಿಸಿ ನೋಡಿದರು. ಮೈಯ ಗರಿಗಳಿಗೆ ಮಾಡಿದ ಬದಲಾವಣೆಗಿಂತ ತಲೆ ಕತ್ತುಗಳ ಹತ್ತಿರ ಮಾಡಿದ ಬದಲಾವಣೆಯೇ ಜೊತೆಗಾರ್ತಿಯರನ್ನು ಹೆಚ್ಚು ಗೊಂದಲಗೊಳಿಸಿತು. ಇನ್ನೂ ಒಂದು ಸೋಜಿಗವುಂಟು. ಎರಡು ಮೂರು ವಾರ ಅಗಲಿಸಿಟ್ಟು ಮತ್ತೆ ತಂದು ಬಿಟ್ಟರೆ, ಒಂದೇ ಗೂಡಿನಲ್ಲಿ ಬೆಳೆದ ಕೋಳಿಯನ್ನೂ ಹಿಂಡು ಮರೆತಿರಬಹುದು. ಮತ್ತೆ ಮೊದಲಿನಿಂದ ಹೊಡೆದಾಡಿಯೇ ಸ್ಥಾನ ಸಂಪಾದಿಸಬೇಕು.

ಹೀಗಿರುವಲ್ಲಿ, ಇನ್ನೂ ಜುಟ್ಟು ಮೂಡದ, ಪೆಟ್ಟಿಗೆ ಪೆಟ್ಟಿಗೆಯಾಗಿ ಒಂದೇ ರೂಪದ ಹತ್ತು ಮರಿಗಳು ರಾತ್ರೋರಾತ್ರಿ ಬಂದು ತಟ್ಟೆಗೆ ಬಾಯಿ ಹಾಕಿದರೆ ಹಳೆಯ ಹಿಂಡು ಏನೆಂದು ತಿಳಿಯಬೇಕು? ಅವುಗಳಿಗೆ ಸ್ಥಾನವಿಲ್ಲ, ಗುರುತಿಲ್ಲ, ಹಿಂದೆ ಯಾರೂ ಇಲ್ಲ. ಸಮಬಲದ ಕೋಳಿಗಳಾಗಿದ್ದರೆ ನಾಲ್ಕು ಸುತ್ತು ಹೊಡೆದಾಡಿ ಸೋತದ್ದು ಓಡಿಹೋಗುತ್ತಿತ್ತು. ಮರಿ ಹೊಡೆದಾಡಲಾರದು, ಗೂಡಿನೊಳಗಾದರೆ ಓಡಲೂ ಆರದು. ಸೋತವನು ಓಡಿಹೋಗದಿದ್ದರೆ ಗೆದ್ದವನು ಹೊಡೆಯುವುದನ್ನು ನಿಲ್ಲಿಸುವುದಿಲ್ಲ. ಮರಿಗಳು ಸಾಯುವುದು ಹೇಂಟೆಯ ದುಷ್ಟತನದಿಂದಲ್ಲ, ಓಡಿಹೋಗಲು ಎಡೆಯಿಲ್ಲದ್ದರಿಂದ. ತಾಯಿ ಆರೆಂಟು ವಾರಗಳಲ್ಲಿ ಮಾಡುತ್ತಿದ್ದ ಕೆಲಸವನ್ನು ಮನೆಯವರು ಒಂದು ಸಂಜೆಯಲ್ಲಿ ಮುಗಿಸಲು ಹೊರಟರೆ ಆಗುವುದು ಹೀಗೆಯೇ.

ಹಾಗಾದರೆ ಸೇರಿಸುವ ಗೊಡವೆಯೇ ಬೇಡ, ಬೇರೆಯಾಗಿಯೇ ಸಾಕೋಣವೆಂದರೆ? ಇಪ್ಪತ್ತು ಚದರಡಿಯ ಪಂಜರದಲ್ಲಿ ಅದು ನಡೆದೀತು. ತೆರೆದ ಹಿತ್ತಿಲಿಗೆ ಅದು ಒಗ್ಗದು. ಕೊಡಿಗೇನಹಳ್ಳಿ ಹೋಬಳಿಯಲ್ಲಿಯೇ ಮೈದನಹಳ್ಳಿಯ ಹುಲ್ಲುಗಾವಲಿದೆ. ಕೃಷ್ಣಮೃಗಗಳಿಗಾಗಿ ಅದನ್ನು 2007ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಅಂತಹ ಬಯಲುಸೀಮೆಯಲ್ಲಿ ಹದ್ದು ಗಿಡುಗಗಳಿಗೂ, ನರಿ ಮುಂಗುಸಿಗಳಿಗೂ ಬರವಿಲ್ಲ. ಅನುಭವಿಯಾದ ಹುಂಜ ಆಕಾಶದಲ್ಲಿ ಗಿಡುಗ ಕಂಡರೆ ಒಂದು ಬಗೆಯಾಗಿ, ನೆಲದ ಮೇಲೆ ನಾಯಿ ಬೆಕ್ಕು ಕಂಡರೆ ಇನ್ನೊಂದು ಬಗೆಯಾಗಿ ಕೂಗುತ್ತದೆ. ಮೊದಲ ಕೂಗಿಗೆ ಹಿಂಡು ಪೊದೆಯೊಳಗೆ ಅಡಗುತ್ತದೆ. ಎರಡನೆಯದಕ್ಕೆ ತಲೆಯೆತ್ತಿ ನಿಂತು ನೋಡುತ್ತದೆ. ಯಂತ್ರದ ಮರಿಗೆ ಈ ಕಾವಲಿನ ಆಸರೆ ಇಲ್ಲ. ಗೆದ್ದಲು ಎಲ್ಲಿ ಸಿಕ್ಕುತ್ತದೆ, ಮಧ್ಯಾಹ್ನದ ಬಿಸಿಲಿಗೆ ಯಾವ ಮರದಡಿ ಹೋಗಬೇಕು, ಕತ್ತಲಾಗುವ ಮುನ್ನ ಯಾವ ಅಡ್ಡಗೋಲನ್ನು ಹತ್ತಬೇಕು, ಇವನ್ನೆಲ್ಲ ಹಳೆಯ ಹಿಂಡಿನ ಹಿಂದೆ ತಿರುಗಿಯೇ ಕಲಿಯಬೇಕು. ಹೊಡೆಯುವ ಹಿಂಡೇ ಕಾಯುವ ಹಿಂಡು ಕೂಡ. ಆದ್ದರಿಂದ ಸೇರಿಸದೆ ಗತಿಯಿಲ್ಲ. ಸೇರಿಸುವ ಬಗೆಯನ್ನು ಮಾತ್ರ ಅರಿತಿರಬೇಕು.

ಸೇರಿಸುವ ಮಾತಿಗೆ ಮುಂಚೆ ರೋಗದ ಮಾತು. ಹೊರಗಿನಿಂದ ಬಂದ ಮರಿಗಳನ್ನು ಎರಡು ಮೂರು ವಾರವಾದರೂ ಹಿಂಡಿನಿಂದ ದೂರದಲ್ಲಿ, ಬೇರೆ ತಟ್ಟೆ ಬೇರೆ ನೀರಿನಿಂದ ಸಾಕಬೇಕು. ಹಳ್ಳಿಗರು ಕೊಕ್ಕರೆ ರೋಗವೆಂದು ಕರೆಯುವ ರಾಣಿಖೇತ್ ರೋಗ ಒಮ್ಮೆ ಹೊಕ್ಕರೆ ಹಿತ್ತಿಲನ್ನೇ ಬರಿದು ಮಾಡಬಲ್ಲದು. ಕುಮಾವೂಂ ಬೆಟ್ಟಗಳ ರಾಣಿಖೇತ್ ಎಂಬ ಸುಂದರವಾದ ಊರಿಗೆ ಈ ಅಪಕೀರ್ತಿ ಅಂಟಿದ್ದು 1920ರ ದಶಕದಲ್ಲಿ. ಅದೇ ಕಾಲದಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣಕ್ಕೂ ಅದೇ ಗತಿಯಾಯಿತು. ಮರಿಗೆ ಒಂದು ವಾರವಾಗುವಷ್ಟರಲ್ಲಿ ಕಣ್ಣಿಗೋ ಮೂಗಿಗೋ ಹನಿ ಲಸಿಕೆ, ಎಂಟು ವಾರದ ಸುಮಾರಿಗೆ ಚುಚ್ಚುವ ಲಸಿಕೆ. ಹತ್ತಿರದ ಪಶುವೈದ್ಯರನ್ನು ಕೇಳಿದರೆ ಉಳಿದ ವಿವರ ತಿಳಿಯುತ್ತದೆ. ಹೊಸಬರಿಂದ ಹಳಬರಿಗೆ ಮಾತ್ರವಲ್ಲ, ಹಳಬರಿಂದ ಹೊಸಬರಿಗೂ ರೋಗ ಬರುತ್ತದೆಂಬುದನ್ನು ಜನ ಮರೆಯುತ್ತಾರೆ. ದೊಡ್ಡ ಕೋಳಿ ತಾನು ನೆಟ್ಟಗಿದ್ದುಕೊಂಡೇ ಹಿಕ್ಕೆಯಲ್ಲಿ ರಕ್ತಭೇದಿಯ ಬೀಜವನ್ನು ಬಿಡುತ್ತಿರಬಹುದು. ಮೂರರಿಂದ ಆರು ವಾರದ ಮರಿಗೆ ಅದು ಮಾರಕ. ಒದ್ದೆ ನೆಲವೇ ಅದರ ತವರು. ಗೂಡಿನ ನೆಲಕ್ಕೆ ಹಾಸಿದ ಹೊಟ್ಟು ಕೈಗೆ ಒಣಗಿದಂತಿರಬೇಕು.

ಇನ್ನು ವಯಸ್ಸು. ಮೊದಲ ವಾರ ಮರಿಗೆ 95 ಡಿಗ್ರಿ ಫ್ಯಾರನ್‌ಹೀಟ್ ಕಾವು ಬೇಕು. ಅನಂತರ ವಾರಕ್ಕೆ ಐದೈದು ಡಿಗ್ರಿ ಇಳಿಸುತ್ತ ಹೋಗಬಹುದು. ಆರು ವಾರದವರೆಗೆ ಹಿಂಡಿನ ಮಾತೇ ಬೇಡ. ಮರಿ ಹಳೆಯ ಹೇಂಟೆಯ ಗಾತ್ರದಲ್ಲಿ ಮೂರರಲ್ಲೆರಡು ಪಾಲಿಗೆ ಬಂದ ಮೇಲೆ ಬಯಲಿನಲ್ಲಿ ಬೆರೆಸಬಹುದು. ಇಕ್ಕಟ್ಟಾದ ಗೂಡಿನಲ್ಲಿ ಬೆರೆಸುವುದಾದರೆ ಮೂರು ತಿಂಗಳಾದರೂ ಕಾಯುವುದು ಮೇಲು. ಇಲ್ಲೊಂದು ವಿನೋದವೂ ಉಂಟು. ಗಿರಿರಾಜದ ಮರಿ ನಾಟಿ ಕೋಳಿಗಿಂತ ಬೇಗ ಬೆಳೆಯುತ್ತದೆ. ಬೆಳೆದ ಹುಂಜ ನಾಲ್ಕು ಕಿಲೋ ದಾಟುವುದುಂಟು. ಆದರೆ ಎಳೆಯದರಲ್ಲಿ ಬಡಿಸಿಕೊಂಡ ನೆನಪಿನಿಂದ, ತನ್ನ ಎರಡರಷ್ಟು ಚಿಕ್ಕದಾದ ನಾಟಿ ಹೇಂಟೆ ಬಂದರೂ ಈ ಮಹಾಕಾಯ ತಲೆ ತಗ್ಗಿಸಿ ಬದಿಗೆ ಸರಿಯುವ ದೃಶ್ಯ ಕಂಡುಬರುವುದುಂಟು.

ಕಾಯುವ ದಿನಗಳು ವ್ಯರ್ಥವಾಗಬಾರದು. ಅಷ್ಟರಲ್ಲಿ ಪರಿಚಯ ನಡೆಯಬೇಕು. ಉಪಾಯ ಬಹಳ ಸುಲಭ: ಕಣ್ಣಿಗೆ ಕಾಣಬೇಕು, ಕೊಕ್ಕಿಗೆ ಸಿಕ್ಕಬಾರದು. ದೂರವಿಡುವ ಅವಧಿ ಮುಗಿದ ಮೇಲೆ, ಹಿಂಡು ಮೇಯುವ ಹಿತ್ತಿಲಿನಲ್ಲಿಯೇ ಒಂದು ಮೂಲೆಗೆ ತಂತಿ ಬಲೆಯನ್ನೋ ಬಿದಿರಿನ ತಡಿಕೆಯನ್ನೋ ಕಟ್ಟಿ ಒಳಗೆ ಮರಿಗಳನ್ನು ಬಿಡಬೇಕು. ಮರಿಗಳ ಸಂಖ್ಯೆ ಕಡಿಮೆಯಿದ್ದರೆ ದೊಡ್ಡ ಮಂಕರಿಯನ್ನು ಬೋರಲು ಹಾಕಿದರೂ ಆದೀತು. ಅದರ ಸಂದುಗಳಿಂದ ಒಳಗಿನದು ಹೊರಕ್ಕೂ ಹೊರಗಿನದು ಒಳಕ್ಕೂ ಕಾಣುತ್ತದೆ. ಮೇಲೊಂದು ಕಲ್ಲು ಹೇರುವುದನ್ನು ಮರೆಯಬಾರದು. ತಡಿಕೆಯ ಆ ಕಡೆ ಈ ಕಡೆ ಒಂದೇ ಹೊತ್ತಿಗೆ ರಾಗಿಯನ್ನೋ ನುಚ್ಚನ್ನೋ ಚೆಲ್ಲಿದರೆ, ಎರಡು ಪಂಕ್ತಿಯವರೂ ಎದುರುಬದುರಾಗಿ ಊಟ ಮಾಡಲು ಕಲಿಯುತ್ತಾರೆ. ಮೊದಲ ದಿನ ಹಳೆಯ ಹೇಂಟೆಗಳು ತಡಿಕೆಯ ಉದ್ದಕ್ಕೂ ಗರಿ ಕೆದರಿ ತಿರುಗುತ್ತವೆ, ಬಲೆಗೆ ಕೊಕ್ಕು ಹಾಯಿಸುತ್ತವೆ. ನಾಲ್ಕೈದು ದಿನಗಳಲ್ಲಿ ಆಸಕ್ತಿ ಕುಗ್ಗುತ್ತದೆ. ಒಂದೆರಡು ವಾರಗಳ ಕೊನೆಗೆ ಹಳೆಯ ಹೇಂಟೆಯೊಂದು ತಡಿಕೆಗೆ ಬೆನ್ನು ಕೊಟ್ಟು ನಿಶ್ಚಿಂತೆಯಿಂದ ಧೂಳು ಮೀಯುತ್ತಿದ್ದರೆ, ಕಾಲ ಕೂಡಿಬಂತೆಂದು ತಿಳಿಯಬಹುದು. ತಿಥಿ ನಕ್ಷತ್ರಗಳನ್ನು ನೋಡುವವರು ಈ ಒಂದು ಶಕುನವನ್ನೂ ನೋಡಲಿ.

ತಡಿಕೆ ತೆಗೆಯುವ ದಿನವೂ ಪೂರ್ತಿ ತೆಗೆಯಬೇಕಾಗಿಲ್ಲ. ಅದರ ಬುಡದಲ್ಲಿ ಮರಿ ನುಗ್ಗುವಷ್ಟು, ಹೇಂಟೆ ನುಗ್ಗಲಾರದಷ್ಟು ಒಂದು ಕಿಂಡಿ ಮಾಡಿದರೆ, ಮರಿಗಳೇ ತಮಗೆ ಧೈರ್ಯ ಬಂದಾಗ ಹೊರಬಂದು, ಅಟ್ಟಿಸಿಕೊಂಡಾಗ ಒಳಗೆ ಓಡುತ್ತವೆ. ತಾಯಿಯ ರೆಕ್ಕೆಯ ಕೆಲಸವನ್ನು ಈ ಕಿಂಡಿ ಮಾಡುತ್ತದೆ. ಮರಿಗಳ ತಟ್ಟೆ, ನೀರು ಒಳಗೇ ಇರಲಿ. ಅದಕ್ಕೆ ಇನ್ನೊಂದು ಕಾರಣವೂ ಇದೆ. ಮೊಟ್ಟೆಯಿಡುವ ಕೋಳಿಗೆಂದು ಅಂಗಡಿಯಲ್ಲಿ ಮಾರುವ ಮೇವಿನಲ್ಲಿ ಸುಣ್ಣದಂಶ ಬಹಳ ಹೆಚ್ಚು. ಚಿಪ್ಪು ಕಟ್ಟುವವರಿಗೆ ಅದು ಬೇಕು. ಬೆಳೆಯುವ ಮರಿಯ ಮೂತ್ರಪಿಂಡಕ್ಕೆ ಅದು ಕೆಡುಕು. ಹಿಂಡು ಒಂದಾದ ಮೇಲೆ ಎಲ್ಲಕ್ಕೂ ಮರಿಗಳ ಮೇವನ್ನೇ ಹಾಕಿ, ಕಪ್ಪೆಚಿಪ್ಪಿನ ಚೂರನ್ನು ಬೇರೊಂದು ಬೋಗುಣಿಯಲ್ಲಿಟ್ಟರೆ ಬೇಕಾದವು ಬೇಕಾದಷ್ಟು ತಿನ್ನುತ್ತವೆ.

ಅಪಾಯದ ಜಾಗಗಳು ಎರಡು: ತಟ್ಟೆ ಮತ್ತು ಗೂಡು. ಹಗಲು ಹಿತ್ತಿಲು ವಿಶಾಲವಾಗಿದ್ದರೆ ಮರಿ ಓಡಿ ಬದುಕಿಕೊಳ್ಳುತ್ತದೆ. ತಟ್ಟೆ ಒಂದೇ ಆದರೆ ಬಲಶಾಲಿಯಾದ ಒಂದು ಹೇಂಟೆ ಅದರ ಮೇಲೆ ನಿಂತು ಸಾಮ್ರಾಜ್ಯ ನಡೆಸುತ್ತದೆ. ಎರಡು ಮೂರು ತಟ್ಟೆಗಳನ್ನು, ಒಂದರಿಂದ ಇನ್ನೊಂದು ಕಾಣದಂತೆ, ಗಿಡದ ಮರೆಗೋ ಕಲ್ಲಿನ ಮರೆಗೋ ಇಡಬೇಕು. ಒಣಗಿದ ತೆಂಗಿನ ಗರಿ, ಹಳೆಯ ಮರದ ಪೆಟ್ಟಿಗೆ, ಗೋಡೆಗೆ ಒರಗಿಸಿದ ಹಲಗೆ ಇವೆಲ್ಲ ಒಳ್ಳೆಯ ಆಶ್ರಯಗಳು. ಒಂದು ಎಚ್ಚರಿಕೆ: ಅವಕ್ಕೆ ಎರಡು ಬಾಯಿಗಳಿರಬೇಕು. ಒಂದೇ ಬಾಯಿಯ ಪೊಟರೆಯೊಳಗೆ ಹೊಕ್ಕ ಮರಿಗೆ ಆಶ್ರಯವೇ ಬೋನಾಗುತ್ತದೆ.

ರಾತ್ರಿಯ ಗೂಡಿನ ವಿಷಯದಲ್ಲಿ ಹಲವರು ನೆಚ್ಚುವ ಒಂದು ತಂತ್ರವಿದೆ. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣದಾದ್ದರಿಂದ, ಹಿಂಡು ಮಲಗಿದ ಮೇಲೆ ಮರಿಗಳನ್ನು ಮೆಲ್ಲನೆ ಅಡ್ಡಗೋಲಿನ ಮೇಲೆ ಕೂರಿಸಿದರೆ, ಬೆಳಿಗ್ಗೆ ಎಲ್ಲವೂ ಒಟ್ಟಿಗೆ ಎದ್ದು ಹೊಸದೇನೂ ನಡೆದಿಲ್ಲವೆಂದುಕೊಳ್ಳುತ್ತವೆಯಂತೆ. ಕೋಳಿಯ ಬುದ್ಧಿಯನ್ನು ಇಷ್ಟು ಕೀಳಾಗಿ ಎಣಿಸಬಾರದು. ಹಗಲಿನ ಪರಿಚಯ ಆಗಲೇ ಆಗಿದ್ದರೆ ಈ ಉಪಾಯ ಒಳ್ಳೆಯ ಸಹಾಯ. ಪರಿಚಯವಿಲ್ಲದೆ ಇದೊಂದನ್ನೇ ನೆಚ್ಚಿದರೆ ಬೆಳಕು ಹರಿಯುತ್ತಲೇ, ಮನೆಯವರು ಏಳುವ ಮುನ್ನವೇ, ಬಾಗಿಲು ಹಾಕಿದ ಗೂಡಿನೊಳಗೆ ಕಾಳಗ ಆರಂಭವಾಗುತ್ತದೆ. ಆ ಉಪಾಯ ಮಾಡಿದವರು ಮೊದಲ ಒಂದು ವಾರ ನಸುಕಿನಲ್ಲಿಯೇ ಎದ್ದು ಗೂಡಿನ ಬಾಗಿಲು ತೆರೆಯಬೇಕು. ಅಡ್ಡಗೋಲಿನ ಮೇಲೆ ತಲಾ ಒಂದು ಗೇಣು ಎಡೆ ಇಲ್ಲದಿದ್ದರೆ ಗೂಡನ್ನು ಮೊದಲು ದೊಡ್ಡದು ಮಾಡಿ, ಆಮೇಲೆ ಮರಿಗಳನ್ನು ತರಬೇಕು.

ಸ್ವಲ್ಪ ಕುಕ್ಕಾಟ ಆಗಿಯೇ ಆಗುತ್ತದೆ; ಆಗಲೇಬೇಕು. ಒಂದು ಕುಕ್ಕು ಕೊಟ್ಟು, ಮರಿ ಓಡಿದೊಡನೆ ಹೇಂಟೆ ಮೇಯಲು ಹಿಂದಿರುಗಿದರೆ ಅದು ಪಾಠ; ನಡುವೆ ಹೋಗಿ ಪಂಚಾಯಿತಿ ಮಾಡಿದಷ್ಟೂ ಶ್ರೇಣಿ ಗೊತ್ತಾಗುವುದು ತಡವಾಗುತ್ತದೆ. ಓಡಿದ ಮರಿಯನ್ನು ಹುಡುಕಿಕೊಂಡು ಹೋಗಿ ಕುಕ್ಕಿದರೆ ಮಾತ್ರ ಅದು ಪಾಠವಲ್ಲ. ಅಂತಹ ಹೇಂಟೆ ಹಿಂಡಿಗೊಂದು ಇದ್ದೇ ಇರುತ್ತದೆ. ಅದು ಅತ್ಯುಚ್ಚ ಸ್ಥಾನದ್ದೇ ಆಗಿರಬೇಕೆಂದಿಲ್ಲ. ಮೇಲಿನವರಿಂದ ನಿತ್ಯ ತಿಂದು ಕೆಳಗೊಬ್ಬರು ಸಿಕ್ಕಿದರೆ ಸಾಕೆಂದು ಕಾದಿದ್ದ ನಡುವಿನದೂ ಆಗಿರಬಹುದು. ಅದನ್ನು ಮೂರು ನಾಲ್ಕು ದಿನ ಬೇರೆ ಕಡೆ ಮಂಕರಿಯ ಕೆಳಗಿಟ್ಟು ಮತ್ತೆ ಬಿಟ್ಟರೆ, ಅಷ್ಟರಲ್ಲಿ ಮರಿಗಳು ಮನೆಯವರಾಗಿರುತ್ತವೆ, ಹೊರಗಿನಿಂದ ಬರುವುದು ಅದರ ಸರದಿಯಾಗುತ್ತದೆ. ಹಿಂಡಿನಲ್ಲಿ ಪ್ರಾಯದ ಹುಂಜವೊಂದಿದ್ದರೆ ಹೇಂಟೆಗಳ ನಡುವಣ ಜಗಳ ಸಾಮಾನ್ಯವಾಗಿ ತಗ್ಗಿರುತ್ತದೆ. ಮರಿಗಳಲ್ಲಿಯೇ ಹುಂಜಗಳಿದ್ದರೆ ಅವು ಬೆಳೆದಂತೆ ಹಳೆಯ ಹುಂಜದೊಡನೆ ಬೇರೊಂದು ಲೆಕ್ಕ ತೀರಬೇಕಾಗುತ್ತದೆ. ಆ ಕಥೆಯೇ ಬೇರೆ.

ರಕ್ತ ಕಂಡರೆ ಮಾತ್ರ ಒಂದು ನಿಮಿಷವೂ ತಡೆಯಬಾರದು. ಕೆಂಪು ಬಣ್ಣ ಕೋಳಿಯ ಕೊಕ್ಕನ್ನು ಎಳೆಯುತ್ತದೆ. ಅದುವರೆಗೆ ಸುಮ್ಮನಿದ್ದವೂ, ಗಾಯಗೊಂಡ ಮರಿಯ ಒಡಹುಟ್ಟಿದವೂ ಕೂಡ, ಬಂದು ಅದೇ ಜಾಗಕ್ಕೆ ಕುಕ್ಕುತ್ತವೆ. ಸಂಜೆಯೊಳಗೆ ಮರಿ ತೀರಿಕೊಳ್ಳುತ್ತದೆ. ಗಾಯವಾದುದನ್ನು ಎತ್ತಿ, ತೊಳೆದು, ಗಾಯಕ್ಕೆ ಅರಿಶಿನ ಹಚ್ಚಿ, ಚರ್ಮ ಕೂಡುವ ತನಕ ಪ್ರತ್ಯೇಕವಾಗಿಡಬೇಕು. ಒಂಟಿಯಾಗಿ ಮಾತ್ರ ಬೇಡ. ಜೊತೆಗೊಂದು ಶಾಂತಸ್ವಭಾವದ ಮರಿಯಿರಲಿ, ಮತ್ತೆ ಸೇರಿಸುವಾಗ ಎರಡನ್ನೂ ಒಟ್ಟಿಗೆ ಬಿಡಬೇಕು. ಹಿಂಡಿಗೆ ಒಂದೇ ಒಂದು ಮರಿಯನ್ನು ಸೇರಿಸುವುದರಷ್ಟು ಕಠಿನವಾದ ಕೆಲಸ ಬೇರೊಂದಿಲ್ಲ. ಎಲ್ಲ ಕೊಕ್ಕುಗಳೂ ಅದೊಂದರ ಮೇಲೆಯೇ ಬೀಳುತ್ತವೆ. ನಾಲ್ಕಿದ್ದರೆ ಪೆಟ್ಟು ಹಂಚಿಹೋಗುತ್ತದೆ.

ಇದಿಷ್ಟೂ ಹಳ್ಳಿಯ ಮಾತಾಯಿತೆಂದು ಪಟ್ಟಣದ ವಾಚಕರು ಭಾವಿಸಬೇಕಾಗಿಲ್ಲ. ಬೆಂಗಳೂರು, ತುಮಕೂರುಗಳ ಬಡಾವಣೆಗಳಲ್ಲಿಯೂ ಹಿತ್ತಿಲಿರುವ ಮನೆಯವರು, ಮಕ್ಕಳ ಸಂತೋಷಕ್ಕೆಂದೋ ಮೊಟ್ಟೆಗೆಂದೋ ನಾಲ್ಕಾರು ಕೋಳಿಗಳನ್ನು ಸಾಕುತ್ತಾರೆ. ಬೀದಿಯಲ್ಲಿ ಬಣ್ಣ ಬಳಿದು ಮಾರುವ ಮರಿಗಳಿಗೆ ಮಗು ಹಟ ಹಿಡಿದು, ತಂದೆ ಎರಡು ಕೊಂಡು, ಸಂಜೆ ಅವನ್ನು ದೊಡ್ಡ ಕೋಳಿಗಳ ಗೂಡಿಗೆ ಬಿಡುವುದೂ, ಬೆಳಿಗ್ಗೆ ಮಗುವಿಗೆ ಏನು ಹೇಳಬೇಕೆಂದು ತಿಳಿಯದೆ ತಾಯಿ ಒದ್ದಾಡುವುದೂ ಅಪರೂಪವೇನಲ್ಲ. ಪಟ್ಟಣದ ಹಿತ್ತಿಲು ಕಿರಿದು, ಓಡಲು ಜಾಗ ಕಡಿಮೆ. ಆದ್ದರಿಂದ ತಡಿಕೆಯ ಅವಧಿ ಅಲ್ಲಿ ಇನ್ನೂ ದೀರ್ಘವಾಗಿರಬೇಕು.

ಕಾವಿಗೆ ಕುಳಿತ ನಾಟಿ ಹೇಂಟೆಯೊಂದು ಮನೆಯಲ್ಲಿಯೋ ನೆರೆಮನೆಯಲ್ಲಿಯೋ ಇದ್ದವರಿಗೆ ಮೇಲೆ ಹೇಳಿದ ತಾಪತ್ರಯದಲ್ಲಿ ಮುಕ್ಕಾಲುಪಾಲು ತಪ್ಪುತ್ತದೆ. ಹೇಂಟೆ ಎರಡು ಮೂರು ವಾರದಿಂದ ಒಂದೇ ಸಮನೆ ಕುಳಿತಿರಬೇಕು. ತಂದ ಮರಿಗಳು ಎರಡು ಮೂರು ದಿನಕ್ಕಿಂತ ದೊಡ್ಡವಾಗಿರಬಾರದು. ರಾತ್ರಿ ಕತ್ತಲಾದ ಮೇಲೆ ಸದ್ದಿಲ್ಲದೆ ಹೋಗಿ, ರೆಕ್ಕೆಯ ಕೆಳಗಿನಿಂದ ಮೊಟ್ಟೆಗಳನ್ನು ಒಂದೊಂದಾಗಿ ತೆಗೆದು, ಆ ಜಾಗಕ್ಕೆ ಮರಿಗಳನ್ನು ಒಂದೊಂದಾಗಿ ನೂಕಬೇಕು. ಒಂದೇ ಸಲಕ್ಕೆ ಎಲ್ಲವನ್ನೂ ತುರುಕಬಾರದು. ಮೊದಲು ಎರಡನ್ನು ಇಟ್ಟು, ಹೇಂಟೆಯ ಧ್ವನಿಯನ್ನು ಆಲಿಸಬೇಕು. ಕಾವು ಕುಳಿತಾಗಿನ ಗುರುಗುರು ಸದ್ದು ಬಿಟ್ಟು, ಮೆಲುದನಿಯಲ್ಲಿ ಲೊಚಗುಟ್ಟಿ ಕರೆಯತೊಡಗಿದರೆ ಅದು ಒಪ್ಪಿಕೊಂಡ ಗುರುತು, ಉಳಿದವನ್ನೂ ಇಡಬಹುದು. ಸಾಧಾರಣ ಗಾತ್ರದ ಹೇಂಟೆ ಹತ್ತು ಹನ್ನೆರಡು ಮರಿಗಳನ್ನು ಮುಚ್ಚಿಕೊಳ್ಳಬಲ್ಲದು. ಬೆಳಗಿನ ಜಾವ ಒಮ್ಮೆ ಹೋಗಿ ನೋಡಬೇಕು. ರೆಕ್ಕೆಯ ಅಂಚಿನಿಂದ ಮರಿಗಳ ತಲೆಗಳು ಇಣುಕುತ್ತಿದ್ದರೆ, ಒಂದು ಹಿಡಿ ನುಚ್ಚನ್ನೂ ಒಂದು ತಟ್ಟೆ ನೀರನ್ನೂ ಹತ್ತಿರದಲ್ಲಿಟ್ಟು ಹಿಂದಿರುಗಬಹುದು. ಹಿಂಡಿಗೆ ಪರಿಚಯ ಮಾಡಿಸುವ ಹೊಣೆಯನ್ನು ಇನ್ನು ಆ ಹೇಂಟೆಯೇ ನೋಡಿಕೊಳ್ಳುತ್ತದೆ.